ನಮಗೆ ಹತ್ತಿರದ ಚೆನ್ನಮ್ಮ

ನವೆಂಬರ್ ಬಂತೆಂದರೆ ಮಕ್ಕಳ ವೇಷಭೂಷಣ ಸ್ಪರ್ಧೆಯಲ್ಲಿ ನಾಲ್ಕಾರು ಪುಟಾಣಿ ಚೆನ್ನಮ್ಮರು ಕತ್ತಿ ಹಿಡಿದು ನಿಲ್ಲುತ್ತಾರೆ. ಎಲ್ಲರೂ ಕಿತ್ತೂರಿನವರೇ! 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ಆ ರಾಣಿಯ ಬಗ್ಗೆ ನನಗೂ ಅಭಿಮಾನವಿದೆ. ಆದರೆ ನಿಗಡಿಯಲ್ಲಿ ಸಂಸಾರ ಹೂಡಿರುವ ನಮಗೆ ಇನ್ನೂ ಹತ್ತಿರದ ಒಬ್ಬ ಚೆನ್ನಮ್ಮ ಇದ್ದಾಳೆ, ಗೆಳತಿಯರೇ. ಆಕೆ ಕೆಳದಿಯ ಚೆನ್ನಮ್ಮ.

ಈಕೆ ರಾಜಕುಮಾರಿಯಲ್ಲ, ವ್ಯಾಪಾರಿ ಸಿದ್ದಪ್ಪ ಶೆಟ್ಟಿಯ ಮಗಳು. ಕೆಳದಿಯ ದೊರೆ ಸೋಮಶೇಖರ ನಾಯಕ ಜಾತ್ರೆಯಲ್ಲಿ ನೋಡಿ ಮೆಚ್ಚಿ ಮದುವೆಯಾದನೆಂದು ಹೇಳುತ್ತಾರೆ. ಮುಂದೆ ಅವನು ನರ್ತಕಿಯೊಬ್ಬಳ ಮೋಹಕ್ಕೆ ಬಿದ್ದ, ಬುದ್ಧಿ ಕೆಟ್ಟಿತು, ಕೊನೆಗೆ ಕೊಲೆಯಾದ. ಮಕ್ಕಳಿಲ್ಲ. ಬಿಜಾಪುರದ ಸೈನ್ಯ ಬಾಗಿಲಿಗೆ ಬಂತು. ಇಂಥ ಹೊತ್ತಿನಲ್ಲಿ, 1672ರ ಸುಮಾರಿಗೆ, ಚೆನ್ನಮ್ಮ ಬಿದನೂರಿನ ಗದ್ದುಗೆ ಏರಿದಳು. ಬಸಪ್ಪನನ್ನು ದತ್ತು ತೆಗೆದುಕೊಂಡು ಸುಮಾರು 25 ವರ್ಷ ಆಳಿದಳು. ಮೈಸೂರಿನ ಚಿಕ್ಕದೇವರಾಜ ಒಡೆಯರ ದಾಳಿಗಳನ್ನು ತಡೆದಳು, ಪೋರ್ಚುಗೀಸರೊಡನೆ ಮೆಣಸಿನ ವ್ಯಾಪಾರ ಮಾಡಿದಳು.

ಈಗ ನಮ್ಮೂರ ಕಡೆ ಬರೋಣ. ಆಳಂದಿಯಿಂದ ಇಂದ್ರಾಯಣಿಯ ಜಾಡು ಹಿಡಿದು ಹೋದರೆ ಅದು ಭೀಮೆಯನ್ನು ಸೇರುವಲ್ಲಿ ತುಳಾಪುರವಿದೆ. 1689ರ ಮಾರ್ಚ್‌ನಲ್ಲಿ ಔರಂಗಜೇಬ ಸಂಭಾಜಿ ಮಹಾರಾಜರನ್ನು ಕೊಲ್ಲಿಸಿದ್ದು ಅಲ್ಲೇ. ಸ್ವಲ್ಪ ದಿನಗಳಲ್ಲಿ ರಾಯಗಡಕ್ಕೂ ಮುತ್ತಿಗೆ ಬಿತ್ತು. ಸಂಭಾಜಿಯವರ ತಮ್ಮ ರಾಜಾರಾಮರಿಗೆ ಆಗ ಬರೀ 19 ವರ್ಷ. ಯಾತ್ರಿಕರ ವೇಷದಲ್ಲಿ ಕೆಲವೇ ಜನರೊಡನೆ ದೂರದ ತಮಿಳುನಾಡಿನ ಜಿಂಜಿ ಕೋಟೆಗೆ ಹೊರಟರು. ದಾರಿ ಇದ್ದದ್ದು ಕೆಳದಿ ಸೀಮೆಯ ಮೂಲಕ.

ಚೆನ್ನಮ್ಮನ ಜಾಗದಲ್ಲಿ ನಿಂತು ಯೋಚಿಸಿ ನೋಡಿ. ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಮೊಗಲರ ಪಾಲಾಗಿದ್ದವು. ಅಷ್ಟು ದೊಡ್ಡ ಸುಲ್ತಾನರೇ ಉಳಿಯಲಿಲ್ಲ, ಮಲೆನಾಡಿನ ಪುಟ್ಟ ರಾಜ್ಯ ಯಾವ ಲೆಕ್ಕ? ಹುಡುಗನನ್ನು ಹಿಡಿದುಕೊಟ್ಟಿದ್ದರೆ ಬಾದಶಹನಿಂದ ಬಹುಮಾನವೇ ಸಿಗುತ್ತಿತ್ತೇನೋ. ಆಕೆ ಆಶ್ರಯ ಕೊಟ್ಟಳು, ಕಾಪಾಡಿ ಗಡಿ ದಾಟಿಸಿದಳು.

ಬೆಲೆಯನ್ನೂ ತೆತ್ತಳು. ಜಾನ್ ನಿಸಾರ್ ಖಾನನ ಸೈನ್ಯ ನುಗ್ಗಿತು. ರಾಣಿ ಬಿದನೂರು ಬಿಟ್ಟು ಭುವನಗಿರಿ ದುರ್ಗ, ಅಂದರೆ ಇಂದಿನ ಕವಲೇದುರ್ಗ ಸೇರಿ ಹೋರಾಡಿದಳು. ಮಲೆನಾಡಿನ ಕಾಡು, ಮಳೆ ಆಕೆಯ ಕಡೆಗಿದ್ದವು. ಮರಾಠಾ ಸರದಾರ ಸಂತಾಜಿ ಘೋರ್ಪಡೆಯೂ ನೆರವಿಗೆ ಬಂದ. ಕೊನೆಗೆ ಸಂಧಿಯಾಯಿತು. ರಾಣಿ ಸ್ವಲ್ಪ ದಂಡ ಕೊಟ್ಟಳು ಎನ್ನುವವರಿದ್ದಾರೆ. ನಮ್ಮ ಕಡೆಯ ಕಥೆಗಳಲ್ಲಿ ಆಕೆ ಗೆದ್ದಳೆಂದೇ ಇದೆ. ದಂಡ ಕೊಟ್ಟಿದ್ದರೂ ಆಕೆಯ ತೂಕ ನನಗೇನೂ ಕಡಿಮೆ ಕಾಣುವುದಿಲ್ಲ. ರಾಜಾರಾಮರು ಸಿಗಲಿಲ್ಲ, ಕೆಳದಿ ಉಳಿಯಿತು. ಜಿಂಜಿ ಮೊಗಲರನ್ನು 1698ರವರೆಗೆ ಕಾಯಿಸಿತು.

ಇದನ್ನು ನೆರೆಮನೆಯ ಮರಾಠಿ ಗೆಳತಿಗೆ ಹೇಳಿದಾಗ ಆಕೆಗೆ ಜಿಂಜಿ ಗೊತ್ತಿತ್ತು, ಚೆನ್ನಮ್ಮ ಗೊತ್ತಿರಲಿಲ್ಲ. ನಮ್ಮವರಲ್ಲೂ ಎಷ್ಟು ಜನಕ್ಕೆ ಗೊತ್ತು ಹೇಳಿ!

ಚೆನ್ನಮ್ಮ 1697ರಲ್ಲಿ ತೀರಿಕೊಂಡಳು. ದತ್ತುಮಗ ಬಸಪ್ಪ ನಾಯಕ ದೊರೆಯಾಗಿ, ಸಂಸ್ಕೃತದಲ್ಲಿ ಶಿವತತ್ತ್ವರತ್ನಾಕರವೆಂಬ ಮಹಾಕೋಶ ಬರೆದ. ಜಿಂಜಿಯಿಂದ ಮರಳಿದ ರಾಜಾರಾಮರು 1700ರ ಮಾರ್ಚ್‌ನಲ್ಲಿ ಸಿಂಹಗಡದ ಮೇಲೆ ಕೊನೆಯುಸಿರೆಳೆದರು. ಅವರ ಸಮಾಧಿ ಅಲ್ಲೇ ಇದೆ. ಭಾನುವಾರ ಗಡ ಹತ್ತಿ, ಪಿಠಲಾ-ಭಾಕರಿ ತಿಂದು ಇಳಿಯುವವರು ಮುಂದಿನ ಸಲ ಅಲ್ಲಿ ಒಂದು ನಿಮಿಷ ನಿಲ್ಲಿ, ಮಕ್ಕಳಿಗೆ ಬಿದನೂರಿನ ಹೆಸರನ್ನೂ ಹೇಳಿ.