ಮಹಾಕವಿ ಮುದ್ದಣನೂ ಆತನ ಕೇಳುಗರೂ

ಕನ್ನಡ ಸಾಹಿತ್ಯದಲ್ಲಿ ಕಥೆ ಹೇಳಿದವರು ಅನೇಕರುಂಟು. ಆದರೆ ಕಥೆ ಕೇಳುವವರನ್ನು ಕೈಹಿಡಿದು ಕರೆತಂದು, ಕಾವ್ಯದ ನಟ್ಟನಡುವೆ ಕೂಡ್ರಿಸಿ, ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತ ಕಥೆಯನ್ನು ಮುಂದೆ ಸಾಗಿಸಿದವರು ವಿರಳ. ಆ ವಿರಳರಲ್ಲಿ ಮೊದಲು ನೆನಪಾಗುವವನು ಮುದ್ದಣ. ವಿಧಿಯ ಆಟವೆಂದರೆ, ಕೇಳುಗರಿಗೆ ಇಷ್ಟು ದೊಡ್ಡ ಸ್ಥಾನ ಕೊಟ್ಟ ಈ ಕವಿಗೆ ತನ್ನ ಓದುಗರ ಮೆಚ್ಚುಗೆಯನ್ನು ತನ್ನ ಹೆಸರಿನಲ್ಲಿ ಕೇಳುವ ಭಾಗ್ಯ ಬರಲಿಲ್ಲ. ಆತನ ಬಾಳಿನ ಕಥೆಯನ್ನು ನನಗೆ ತಿಳಿದಮಟ್ಟಿಗೆ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮುದ್ದಣನ ನಿಜವಾದ ಹೆಸರು ಲಕ್ಷ್ಮೀನಾರಣಪ್ಪ. ಕಾರ್ಕಳ ತಾಲ್ಲೂಕಿನ ನಂದಳಿಕೆ ಎಂಬ ಹಳ್ಳಿಯಲ್ಲಿ 1870ರ ಜನವರಿ 24ರಂದು ಆತನು ಹುಟ್ಟಿದನು. ಆ ಸೀಮೆ ಆಗ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಈಗ ಅದು ಉಡುಪಿ ಜಿಲ್ಲೆಯಲ್ಲಿದೆ. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಮ್ಮ. ಮುದ್ದಣ ಎಂಬುದು ಮನೆಯವರು ಅಕ್ಕರೆಯಿಂದ ಕರೆಯುತ್ತಿದ್ದ ಹೆಸರು. ಮನೆಯಲ್ಲಿ ಬಡತನವಿತ್ತು. ಹುಡುಗನಿಗೆ ಓದಿನ ಹಸಿವು ಹೆಚ್ಚು, ಓದಿಸುವ ಅನುಕೂಲ ಕಡಿಮೆ. ಹೆಚ್ಚಿನ ವಿದ್ಯೆಯ ಆಸೆಯನ್ನು ಬದಿಗಿಟ್ಟು ಹೊಟ್ಟೆಯ ದಾರಿಯನ್ನು ನೋಡಬೇಕಾಯಿತು. ಮದ್ರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು ಬಂದು ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ಮಾಸ್ತರನಾದನು. ಮಕ್ಕಳಿಗೆ ಕಸರತ್ತು ಕಲಿಸಿ ಮನೆಗೆ ಬಂದ ಮೇಲೆ ಹಳಗನ್ನಡ ಕಾವ್ಯಗಳನ್ನು ತನ್ನಷ್ಟಕ್ಕೆ ತಾನೇ ಓದಿ ಅರಗಿಸಿಕೊಂಡನು. ಕಾಲೇಜಿನ ಮೆಟ್ಟಿಲು ಹತ್ತದೆ ಆತನು ಗಳಿಸಿದ ಪಾಂಡಿತ್ಯವನ್ನು ಕಂಡರೆ, ಕಾಲೇಜಿನ ಮೆಟ್ಟಿಲು ಹತ್ತಿರುವ ನಮಗೆ ನಾಚಿಕೆಯೂ ಆಗುತ್ತದೆ, ಧೈರ್ಯವೂ ಬರುತ್ತದೆ.

ಕರಾವಳಿಯ ಹಳ್ಳಿಗಳಲ್ಲಿ ಯಕ್ಷಗಾನವೆಂದರೆ ನಮ್ಮ ಕಡೆಯ ದೊಡ್ಡಾಟವಿದ್ದಂತೆ. ರಾತ್ರಿಯೆಲ್ಲ ಆಟ, ಬೆಳಗಾದರೂ ಜನ ಏಳುವುದಿಲ್ಲ. ಮುದ್ದಣನು ಮೊದಲು ಬರೆದದ್ದು ಇಂಥ ಆಟಕ್ಕೆಂದೇ. ರತ್ನಾವತೀ ಕಲ್ಯಾಣ, ಕುಮಾರ ವಿಜಯ ಎಂಬ ಎರಡು ಪ್ರಸಂಗಗಳು ಆತನವು. ಕೇಳುವವರ ಎದುರಿಗೆ ಕಥೆ ನಿಲ್ಲಬೇಕು, ಬೇಸರ ಬಂದರೆ ಅವರು ಎದ್ದು ಹೋಗುತ್ತಾರೆ ಎಂಬ ಪಾಠವನ್ನು ಆತನು ಈ ಆಟಗಳಿಂದಲೇ ಕಲಿತಿರಬೇಕೆಂದು ನನಗೆ ತೋರುತ್ತದೆ.

ಆ ಕಾಲದಲ್ಲಿ ಮೈಸೂರಿನಲ್ಲಿ ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಸೇರಿ 1892ರಲ್ಲಿ ಕರ್ಣಾಟಕ ಕಾವ್ಯಮಂಜರಿ ಎಂಬ ಪತ್ರಿಕೆಯನ್ನು ಆರಂಭಿಸಿದ್ದರು. ಅನಂತರ ಕಾವ್ಯಕಲಾನಿಧಿ ಎಂಬುದು ಬಂದಿತು. ಓಲೆಗರಿಗಳಲ್ಲಿ ಮಲಗಿದ್ದ ಪ್ರಾಚೀನ ಕಾವ್ಯಗಳನ್ನು ಭಾಗ ಭಾಗವಾಗಿ ಅಚ್ಚು ಮಾಡುವುದು ಅವುಗಳ ಕೆಲಸ. ಇವುಗಳಿಗೆ ಉಡುಪಿಯ ಕಡೆಯಿಂದ ಕೆಲವು ಕೃತಿಗಳು ಬಂದವು: ಅದ್ಭುತ ರಾಮಾಯಣ, ಶ್ರೀರಾಮ ಪಟ್ಟಾಭಿಷೇಕ, ಕೊನೆಗೆ ರಾಮಾಶ್ವಮೇಧ. ಇವೆಲ್ಲ ಹಳೆಯ ಕವಿಗಳ ರಚನೆಗಳೆಂದೇ ಕಳುಹಿಸಿದ್ದಾಗಿತ್ತು. ಪಟ್ಟಾಭಿಷೇಕವನ್ನು ಬರೆದವಳು ಮಹಾಲಕ್ಷ್ಮಿ ಎಂಬ ಕವಯಿತ್ರಿ ಎಂದಿತ್ತು. ಆ ಹೆಸರು ಬೇರೆ ಯಾರದೂ ಅಲ್ಲ, ಕವಿಯ ಹೆತ್ತ ತಾಯಿಯದು. ರಾಮಾಶ್ವಮೇಧವನ್ನು ಬರೆದವನು ಮುದ್ದಣನೆಂಬ ಹಿಂದಿನ ಕವಿ ಎಂದಿತ್ತು. ಅದು ತಾಯಿಯ ಮಡಿಲಿನಲ್ಲಿ ದೊರೆತ ಹೆಸರು. ಲಕ್ಷ್ಮೀನಾರಣಪ್ಪನೆಂಬ ವ್ಯಾಯಾಮದ ಮಾಸ್ತರನ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ.

ಹೀಗೇಕೆ ಮಾಡಿದನು? ಹಳೆಯದಕ್ಕೆ ಮಾತ್ರ ಬೆಲೆಯಿದ್ದ ಕಾಲವದು; ಹೆಸರಿಲ್ಲದ ತರುಣನೊಬ್ಬನು ಹೊಸದಾಗಿ ಬರೆದ ಕಾವ್ಯವನ್ನು ಪಂಡಿತರು ಕಣ್ಣೆತ್ತಿ ನೋಡಲಾರರೆಂಬ ಅಂಜಿಕೆಯಿಂದ ಹೀಗೆ ಮಾಡಿದನೆಂದು ತಿಳಿದವರು ಹೇಳುತ್ತಾರೆ. ಈ ಅಂಜಿಕೆ ನಮ್ಮಂಥ ಮನೆಗಳಿಂದ ಬಂದವರಿಗೆ ಹೊಸದಲ್ಲ. ನಮ್ಮ ಮನೆತನದಲ್ಲಿ ಕಾಲೇಜು ಕಂಡವರಲ್ಲಿ ನಾನೇ ಮೊದಲು. ತರಗತಿಯಲ್ಲಿ ಎದ್ದುನಿಂತು ಒಂದು ಮಾತು ಹೇಳುವ ಮುನ್ನ ಅದು ಯಾವುದಾದರೂ ದೊಡ್ಡ ಪುಸ್ತಕದಲ್ಲಿದ್ದರೆ ಎಷ್ಟು ಚೆನ್ನಾಗಿತ್ತೆಂದು ಮನಸ್ಸು ಹುಡುಕುತ್ತದೆ. ನನ್ನ ಮಾತೆಂದರೆ ಯಾರು ಕೇಳುತ್ತಾರೆ ಎಂಬ ಅಳುಕು ಬೆನ್ನು ಬಿಡುವುದಿಲ್ಲ. ಮುದ್ದಣನು ಆ ಅಳುಕನ್ನು ಹೊತ್ತುಕೊಂಡೇ ಒಂದು ಮಹಾಕೃತಿಯನ್ನು ಬರೆದನು.

ರಾಮಾಶ್ವಮೇಧದ ಕಥೆ ಪದ್ಮಪುರಾಣದ ಪಾತಾಳಖಂಡದಲ್ಲಿ ಬರುವಂಥದು. ರಾವಣನನ್ನು ಕೊಂದ ದೋಷವನ್ನು ಕಳೆದುಕೊಳ್ಳಲು ರಾಮನು ಯಜ್ಞದ ಕುದುರೆಯನ್ನು ಬಿಡುತ್ತಾನೆ. ಅದರ ಹಿಂದೆ ಶತ್ರುಘ್ನನ ದಂಡು ನಡೆಯುತ್ತದೆ. ಕುದುರೆ ಒಂದೊಂದು ರಾಜ್ಯ ಹೊಕ್ಕಾಗಲೂ ಒಂದೊಂದು ಕಥೆ. ಸುಬಾಹುವಿನ ಮಗ ದಮನನು ಅದನ್ನು ಕಟ್ಟುತ್ತಾನೆ. ವಿದ್ಯುನ್ಮಾಲಿಯೆಂಬ ರಾಕ್ಷಸನು ಕದ್ದೊಯ್ಯುತ್ತಾನೆ. ವೀರಮಣಿಯ ಪಕ್ಷದಲ್ಲಿ ಸಾಕ್ಷಾತ್ ಶಿವನೇ ನಿಲ್ಲುತ್ತಾನೆ. ಸುರಥನು ಹನುಮಂತನನ್ನೇ ಸೆರೆಹಿಡಿಯುತ್ತಾನೆ. ಕಟ್ಟಕಡೆಗೆ ಲವನು ಕುದುರೆಯನ್ನು ಹಿಡಿಯುತ್ತಾನೆ. ಇಂದಿನವರು ಮೊಬೈಲಿನಲ್ಲಿ ನೋಡುವ ಅದ್ಭುತ ಧಾರಾವಾಹಿಗಳಲ್ಲಿ ಏನೇನಿರುತ್ತದೆಯೋ ಅದೆಲ್ಲ ಇಲ್ಲಿದೆ: ದಂಡು, ಮಾಯೆ, ಶಾಪ, ವರ, ದೇವರ ಕಾಳಗ, ಅಗಲಿದವರ ಹುಡುಕಾಟ.

ಆದರೆ ಮುದ್ದಣನ ಹಿರಿಮೆ ಬರಿಯ ಕಥೆಯಲ್ಲಿಲ್ಲ. ಆತನು ಇದನ್ನು ಗಂಡಹೆಂಡಿರ ಮಾತುಕತೆಯಾಗಿ ಮಾಡಿದನು. ಮಳೆಗಾಲದ ಒಂದು ದಿನ ಮುದ್ದಣನು ಅರಮನೆಯಿಂದ ಮನೆಗೆ ಬರುತ್ತಾನೆ. ಮಡದಿ ಮನೋರಮೆ ಉಪಚರಿಸಿ, ಹೊತ್ತು ಕಳೆಯಲು ಒಂದು ಕಥೆ ಬೇಕೆಂದು ಹಟ ಹಿಡಿಯುತ್ತಾಳೆ. ಯಾವ ಕಥೆ ಎಂಬುದನ್ನು ಆರಿಸುವವಳು ಅವಳೇ. ಅದು ಪದ್ಯದಲ್ಲಿ ಬೇಡ, ಗದ್ಯದಲ್ಲಿರಲಿ. ಸಂಸ್ಕೃತದ ಭಾರ ಹೆಚ್ಚಾಗದೆ ಕನ್ನಡದೊಡನೆ ಹದವಾಗಿ ಬೆರೆತಿರಲಿ ಎಂದು ಕಟ್ಟಳೆ ಮಾಡುವವಳೂ ಅವಳೇ. ಕಥೆ ಹೊರಟ ಮೇಲೂ ಸುಮ್ಮನಿರುವವಳಲ್ಲ. ಗಂಡನು ವರ್ಣನೆಯನ್ನು ಎಳೆದರೆ ಹಂಗಿಸುತ್ತಾಳೆ, ಸಂಶಯ ಬಂದರೆ ತಡೆದು ಕೇಳುತ್ತಾಳೆ, ಚೆನ್ನಾಗಿದ್ದರೆ ಹಿಗ್ಗುತ್ತಾಳೆ. ಕವಿಯು ತನ್ನ ಕಾವ್ಯಕ್ಕೆ ಬರಬಹುದಾದ ಆಕ್ಷೇಪಣೆಗಳನ್ನೆಲ್ಲ ತನ್ನ ಕಾವ್ಯದಲ್ಲಿಯೇ ಹೆಂಡತಿಯ ಬಾಯಿಂದ ಹೇಳಿಸಿದ್ದಾನೆ. ಕೇಳುವವರಿಗೂ ಕಥೆಯ ಮೇಲೆ ಹಕ್ಕುಂಟೆಂದು ಇಷ್ಟು ಚೆಲುವಾಗಿ ಒಪ್ಪಿಕೊಂಡ ಕವಿ ಮತ್ತೊಬ್ಬನನ್ನು ನಾನು ಓದಿಲ್ಲ.

ಈ ಹಕ್ಕಿನ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಕಳೆದ ಬೇಸಿಗೆಯ ರಜೆಯಲ್ಲಿ. ನಮ್ಮ ಊರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಯ ಮೇಲಿದೆ. ಅವ್ವನ ತವರು ಜೇವರ್ಗಿಯ ಕಡೆ. ನಾನು ಓದುವುದು ಆಳಂದದಲ್ಲಿ. ಅವ್ವ ಶಾಲೆಗೆ ಹೋದವಳಲ್ಲ. ತೊಗರಿ ಹೊಲದಲ್ಲಿ ಕಳೆ ತೆಗೆದು, ರಾಶಿ ಮಾಡಿ ನನ್ನನ್ನು ಓದಿಸಿದವಳು. ಪರೀಕ್ಷೆಗೆಂದು ಓದಿದ ರಾಮಾಶ್ವಮೇಧವನ್ನು ದಿನವೂ ರಾತ್ರಿ ಊಟವಾದ ಮೇಲೆ ನಮ್ಮ ಕಟ್ಟೆಯ ಮೇಲೆ ಕುಳಿತು ಅವ್ವನಿಗೆ ನಮ್ಮ ಆಡುಮಾತಿನಲ್ಲಿ ಹೇಳತೊಡಗಿದೆ. ಎರಡನೆಯ ದಿನ ಕಾಕಾ ಬಂದರು. ನಾಲ್ಕನೆಯ ದಿನಕ್ಕೆ ಓಣಿಯ ಅರ್ಧ ಮಂದಿ ಸೇರಿದರು. ಒಟ್ಟು 15 ರಾತ್ರಿ ಕಥೆ ನಡೆಯಿತು.

ಆ ರಾತ್ರಿಗಳ ಚರ್ಚೆಯನ್ನು ಏನೆಂದು ಹೇಳಲಿ! ವೀರಮಣಿಯ ಊರಿಗೆ ಕುದುರೆ ಬಂದ ದಿನ, ಶಿವನು ಎದುರಿಗೆ ನಿಂತನೆಂಬಲ್ಲಿಗೆ ನಾನು ಕಥೆಯನ್ನು ನಿಲ್ಲಿಸಿದೆ. ಮರುದಿನವೆಲ್ಲ ಹೊಲದಲ್ಲಿ ಅದೇ ಮಾತು. ಶಿವನು ಸೋತರೆ ಅದು ಕಥೆಯೇ ಅಲ್ಲವೆಂದು ಒಬ್ಬ ಮುತ್ಯಾ ಹಟ ಹಿಡಿದರು. ರಾಮನು ಸೋತರೆ ಯಜ್ಞ ನಿಲ್ಲುತ್ತದೆ, ಯಜ್ಞ ನಿಂತರೆ ಲವಕುಶರು ಬರುವುದೆಲ್ಲಿಂದ ಎಂದು ಕಾಕಾ ಲೆಕ್ಕ ಹಾಕಿದರು. ಇಬ್ಬರೂ ಸೋಲುವುದಿಲ್ಲ, ರಾಮನೇ ಬಂದು ಕೈಮುಗಿಯುತ್ತಾನೆ, ಶಿವನು ನಕ್ಕು ಬಿಟ್ಟುಕೊಡುತ್ತಾನೆ ಎಂದು ಪಕ್ಕದ ಮನೆಯ ಚಿಗವ್ವ ಹೇಳಿದಳು. ರಾತ್ರಿ ಕಥೆ ಮುಂದುವರಿದಾಗ ಹೆಚ್ಚುಕಡಿಮೆ ಅವಳ ಮಾತೇ ನಿಜವಾಯಿತು. ಅವಳು ಮೂರು ದಿನ ತಲೆಯೆತ್ತಿ ನಡೆದಳು.

ಇಲ್ಲಿ ನಾನು ಒಂದು ಸಂಗತಿಯನ್ನು ಗಮನಿಸಿದೆ. ಲವಕುಶರ ಕಥೆಯ ಕೊನೆ ಗೊತ್ತಿಲ್ಲದವರು ಆ ಕಟ್ಟೆಯ ಮೇಲೆ ಒಬ್ಬರೂ ಇರಲಿಲ್ಲ. ದೊಡ್ಡಾಟದಲ್ಲಿ, ಹಾಡಿನಲ್ಲಿ ಎಲ್ಲರೂ ಕೇಳಿದ್ದರು. ಆದರೂ ಊಹೆ ನಿಲ್ಲಲಿಲ್ಲ. ನಮ್ಮ ಜನ ಊಹಿಸುವುದು ಮುಂದೇನಾಗುವುದು ಎಂಬುದನ್ನಷ್ಟೇ ಅಲ್ಲ. ಅದು ಹಾಗೇಕೆ ಆಗಬೇಕು ಎಂಬುದನ್ನು. ಅವ್ವ ಒಂದು ರಾತ್ರಿ ಕೇಳಿದಳು: ರಾಮನು ಬಂಗಾರದ ಸೀತೆಯನ್ನು ಪಕ್ಕದಲ್ಲಿಟ್ಟುಕೊಂಡು ಯಜ್ಞಕ್ಕೆ ಕೂತನಲ್ಲ, ನಿಜವಾದ ಸೀತೆ ಅಡವಿಯಲ್ಲಿ ಇರುವಾಗ ಆ ಬಂಗಾರಕ್ಕೆ ಏನು ಬೆಲೆ? ಅವಳೇ ಉತ್ತರವನ್ನೂ ಕೊಟ್ಟಳು. ಕುದುರೆ ರಾಜ್ಯ ಗೆಲ್ಲಲು ಹೊರಟದ್ದಲ್ಲ. ಅರಸನಿಗೆ ಹೋಗಲು ಮುಖವಿಲ್ಲದ ದಾರಿಯನ್ನು ಮೂಕಪ್ರಾಣಿ ಹುಡುಕುತ್ತ ಹೊರಟಿತ್ತು. ಅದು ಸೀತೆಯ ಬಾಗಿಲಿಗೆ ಹೋಗಿಯೇ ನಿಲ್ಲಬೇಕಾಗಿತ್ತು ಎಂದಳು. ಪರೀಕ್ಷೆಯಲ್ಲಿ ನಾನು ಬರೆದ ಯಾವ ಉತ್ತರವೂ ಇದರ ಹತ್ತಿರ ಬರಲಾರದು.

ನಮ್ಮ ಜಿಲ್ಲೆಯ ಮಳಖೇಡದಲ್ಲಿ ಆಳಿದ ರಾಷ್ಟ್ರಕೂಟರ ಕಾಲದ ಕವಿರಾಜಮಾರ್ಗವು, ಓದುಬರೆಹ ಇಲ್ಲದ ಕನ್ನಡಿಗರಿಗೂ ಕಾವ್ಯದ ಜಾಣ್ಮೆಯುಂಟೆಂದು 9ನೆಯ ಶತಮಾನದಲ್ಲಿಯೇ ಹೇಳಿದೆ. ಅದನ್ನು ಹೊಗಳಿಕೆಯ ಮಾತೆಂದೇ ನಾನು ತಿಳಿದಿದ್ದೆ. ಅವ್ವನ ಮಾತು ಕೇಳಿದ ಮೇಲೆ ಅದು ಕಣ್ಣಾರೆ ಕಂಡವರ ಮಾತೆಂದು ನಂಬಿಕೆಯಾಯಿತು.

ಇನ್ನು ಓದುಗರ ಊಹೆಗಳಲ್ಲಿ ದೊಡ್ಡದಾದದ್ದು ಕವಿಯ ಬಗೆಗಿನದೇ. ಮುದ್ದಣನೆಂಬುವನು ಯಾರು, ಯಾವ ಕಾಲದವನು? ಉತ್ತರ ಸಿಕ್ಕಿರುವ ನಾವು ಇಂದು ತಿರುಗಿ ನೋಡಿದರೆ, ಸುಳಿವುಗಳು ಪುಸ್ತಕದೊಳಗೇ ಇದ್ದಂತೆ ಕಾಣುತ್ತದೆ. ಭಾಷೆ ಹಳಗನ್ನಡವೇನೋ ಹೌದು. ಆದರೆ ಮಾತನಾಡುವ ಮನೆ ಹೊಸದು. ಹೆಂಡತಿ ಗಂಡನನ್ನು ಸರಿಸಮಾನಳಾಗಿ ಕೆಣಕುತ್ತಾಳೆ. ಪದ್ಯಕ್ಕಿಂತ ಗದ್ಯವೇ ಹಿತವೆನ್ನುತ್ತಾಳೆ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದ ಕಾದಂಬರಿಗಳನ್ನು ಕನ್ನಡಿಗರು ಓದತೊಡಗಿದ್ದ ಕಾಲದ ರುಚಿ ಇದು. ಕವಿ ಹೆಸರನ್ನು ಬಚ್ಚಿಟ್ಟನು. ಕಾಲವನ್ನು ಬಚ್ಚಿಡಲು ಆಗಲಿಲ್ಲ.

ಮನೋರಮೆ ಯಾರೆಂಬುದು ಎರಡನೆಯ ಊಹೆ. ಕವಿಯ ಮಡದಿ ಕಮಲಾಬಾಯಿಯೇ ಮನೋರಮೆ ಎಂದು ಹಲವರು ಹೇಳುತ್ತಾರೆ. ಇದ್ದರೂ ಇರಬಹುದು. ಆದರೆ ಕಾವ್ಯದ ಮುದ್ದಣನು ಅರಮನೆಯಿಂದ ಬರುವವನು, ನಿಜವಾದ ಮುದ್ದಣನು ಶಾಲೆಯಿಂದ ಬರುವವನು. ಮನೆ ಬಾಗಿಲಲ್ಲಿ ಕಾಯುವ, ಕಥೆ ಬೇಡುವ, ತಪ್ಪಿದರೆ ತಿದ್ದುವ ಕೇಳುಗರು ತನಗೆ ಬೇಕೆಂಬ ಆಸೆಯನ್ನೇ ಆತನು ಮನೋರಮೆಯಾಗಿ ಮಾಡಿದನೆಂದು ನನ್ನ ಎಣಿಕೆ. ಬಳಗದವರೆದುರು ಕವಿಯೆಂದು ಹೇಳಿಕೊಳ್ಳಲಾರದವನು ಕಾವ್ಯದೊಳಗೊಬ್ಬ ಕೇಳುಗಳನ್ನು ಪಡೆದುಕೊಂಡನು.

ರಾಮಾಶ್ವಮೇಧವು ಕಾವ್ಯಕಲಾನಿಧಿಯಲ್ಲಿ ಬೆಳಕು ಕಂಡ ವರ್ಷಗಳೇ ಆತನ ಕೊನೆಯ ವರ್ಷಗಳೂ ಆದವು. ಕ್ಷಯರೋಗ ಅಂಟಿಕೊಂಡಿತು. ಕ್ಷಯಕ್ಕೆ ಮದ್ದು ಕಂಡುಹಿಡಿಯುವುದಕ್ಕೆ ಇನ್ನೂ ನಾಲ್ಕು ದಶಕಗಳಿಗೂ ಮಿಗಿಲಾದ ಕಾಲವಿತ್ತು. ಇತರರಿಗೆ ಮೈಕಟ್ಟು ಬೆಳೆಸಿಕೊಳ್ಳುವುದನ್ನು ಕಲಿಸಿದವನ ಮೈ ಕರಗುತ್ತ ಹೋಯಿತು. 1901ರ ಫೆಬ್ರವರಿಯಲ್ಲಿ ಮಡದಿಯನ್ನೂ ಚಿಕ್ಕ ಮಗನನ್ನೂ ಬಿಟ್ಟು ಆತನು ತೀರಿಕೊಂಡನು. ಆಗ ವಯಸ್ಸು ಕೇವಲ 31. ಆ ಮೂರು ಕೃತಿಗಳೂ ಒಬ್ಬನೇ ಬರೆದವು, ಬರೆದವನು ನಂದಳಿಕೆಯ ಲಕ್ಷ್ಮೀನಾರಣಪ್ಪ ಎಂಬುದು ಕನ್ನಡ ನಾಡಿಗೆಲ್ಲ ತಿಳಿಯುವ ಹೊತ್ತಿಗೆ ಆತನು ಹೋಗಿ ಎಷ್ಟೋ ವರ್ಷಗಳಾಗಿದ್ದವು. ಹೊಸಗನ್ನಡದ ಮುಂಗೋಳಿ ಎಂಬ ಬಿರುದು ಆ ಮೇಲೆ ಬಂದಿತು.

ಕಥೆ ಮುಗಿದ ರಾತ್ರಿ ನಾನು ಈ ಸಂಗತಿಯನ್ನೂ ಕಟ್ಟೆಯ ಮೇಲೆ ಹೇಳಿದೆ. ಎಲ್ಲರೂ ಸುಮ್ಮನಾದರು. ತಾಯಿಯ ಹೆಸರಿಟ್ಟದ್ದು ಒಳ್ಳೆಯದೇ ಆಯಿತು, ಆದರೆ ಆ ತಾಯಿಗೆ ಮಗನ ಹೆಸರನ್ನು ಪುಸ್ತಕದಲ್ಲಿ ನೋಡುವ ಆಸೆ ಇರಲಿಲ್ಲವೇ ಎಂದು ಅವ್ವ ಮೆಲ್ಲಗೆ ಕೇಳಿದಳು. ಅವಳಿಗೆ ಅಕ್ಷರ ಬಾರದು. ಆದರೂ ನನ್ನ ಹೆಸರು ಎಲ್ಲಿ ಅಚ್ಚಾದರೂ ಅದರ ಮೇಲೆ ಬೆರಳಿಟ್ಟು ತೋರಿಸಬೇಕೆನ್ನುತ್ತಾಳೆ. ಈ ಸಂಚಿಕೆ ಕೈಗೆ ಬಂದ ದಿನ ತೋರಿಸುವೆನು.

ಮನೋರಮೆ ಕಥೆಯನ್ನು ಬೇಡದಿದ್ದರೆ ಮುದ್ದಣನು ಹೇಳುತ್ತಿರಲಿಲ್ಲ; ಅವಳು ತಡೆದು ಕೇಳದಿದ್ದರೆ ಆ ಕಥೆಗೆ ಇಷ್ಟು ಸೊಗಸು ಬರುತ್ತಿರಲಿಲ್ಲ. ಆತನು ತೀರಿಕೊಂಡು 120 ವರ್ಷಗಳು ಮೀರಿದವು. ಕಡಲ ದಂಡೆಯ ಆ ಕವಿಯ ಕುದುರೆ ಈಗ ಭೀಮೆಯ ದಂಡೆಯವರೆಗೂ ಬಂದಿದೆ. ಅದನ್ನು ತಡೆದು ನಿಲ್ಲಿಸಿ, ಎಲ್ಲಿಗೆ ಹೊರಟೆ, ಏಕೆ ಹೊರಟೆ ಎಂದು ಕೇಳುವವರು ಇಲ್ಲಿಯೂ ಇದ್ದಾರೆ.