ಬೆರಳಿನಿಂದ ಸಂಗೀತ ಕೇಳಿದ ಹೆಲೆನ್ ಕೆಲರ್

ಹೆಲೆನ್ ಕೆಲರ್ ಅವರ ಹೆಸರನ್ನು ನೀವೆಲ್ಲ ಕೇಳಿರುತ್ತೀರಿ. ಕಣ್ಣು ಕಾಣದ, ಕಿವಿ ಕೇಳದ ಮಹಿಳೆ ಪುಸ್ತಕ ಬರೆದರು ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಅವರು ಸಂಗೀತವನ್ನೂ ಸವಿದರು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಅದನ್ನೇ ಇಲ್ಲಿ ಬರೆದಿದ್ದೇನೆ.

ಹೆಲೆನ್ ಹುಟ್ಟಿದ್ದು 1880ರ ಜೂನ್ 27ರಂದು, ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಂಬಿಯಾ ಎಂಬ ಊರಿನಲ್ಲಿ. ಹುಟ್ಟಿದಾಗ ಎಲ್ಲ ಮಕ್ಕಳ ಹಾಗೇ ಇದ್ದಳು. 19 ತಿಂಗಳ ಮಗುವಾಗಿದ್ದಾಗ ಜೋರು ಕಾಯಿಲೆ ಬಂತು. ಜೀವ ಉಳಿಯಿತು, ಆದರೆ ಕಣ್ಣು ಕಿವಿ ಎರಡೂ ಹೋದವು. ಮಾತು ಕೇಳಿಸದ ಮೇಲೆ ಮಾತು ಕಲಿಯೋದು ಹೇಗೆ? ಮಗು ಸಿಟ್ಟಿನಿಂದ ಕಿರುಚುತ್ತಿತ್ತು, ಒದೆಯುತ್ತಿತ್ತು.

1887ರ ಮಾರ್ಚ್ 3ರಂದು ಆನ್ ಸಲಿವನ್ ಎಂಬ ಟೀಚರ್ ಮನೆಗೆ ಬಂದರು. ಅವರಿಗೆ ಆಗ 20 ವರ್ಷ. ಅವರ ಕಣ್ಣೂ ಸರಿಯಾಗಿರಲಿಲ್ಲ. ಅವರು ಹೆಲೆನ್ ಅಂಗೈ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಮೂಡಿಸುತ್ತಿದ್ದರು. ಒಂದು ದಿನ ನೀರಿನ ಪಂಪಿನ ಹತ್ತಿರ ಕರೆದುಕೊಂಡು ಹೋಗಿ, ಒಂದು ಕೈ ಮೇಲೆ ನೀರು ಬಿಟ್ಟು ಇನ್ನೊಂದು ಕೈಯಲ್ಲಿ ನೀರು ಅಂತ ಬರೆದರು. ಪ್ರತಿ ವಸ್ತುವಿಗೂ ಒಂದು ಹೆಸರಿದೆ ಅಂತ ಹೆಲೆನ್‌ಗೆ ಥಟ್ಟನೆ ಹೊಳೆದದ್ದು ಅವತ್ತೇ.

ಆಮೇಲೆ 1890ರಲ್ಲಿ ಸಾರಾ ಫುಲ್ಲರ್ ಎಂಬ ಇನ್ನೊಬ್ಬ ಟೀಚರ್ ಹತ್ತಿರ ಮಾತಾಡಲು ಕಲಿತಳು. ಟೀಚರ್ ಮುಖದ ಮೇಲೆ ಕೈ ಇಟ್ಟು, ತುಟಿ ನಾಲಿಗೆ ಹೇಗೆ ಆಡುತ್ತವೆ ಅಂತ ಮುಟ್ಟಿ ನೋಡಿ ಕಲಿತಳು. ಎಷ್ಟು ಕಷ್ಟಪಟ್ಟರೂ ಅವರ ಮಾತು ಸ್ಪಷ್ಟವಾಗಲಿಲ್ಲ. ಆ ಕೊರಗು ಅವರಿಗೆ ಕೊನೇವರೆಗೂ ಇತ್ತು. 1904ರಲ್ಲಿ ರಾಡ್‌ಕ್ಲಿಫ್ ಕಾಲೇಜಿನಲ್ಲಿ ಬಿ.ಎ. ಪಾಸಾದರು.

ಈಗ ಸಂಗೀತದ ವಿಷಯಕ್ಕೆ ಬರುತ್ತೇನೆ. 1924ರ ಫೆಬ್ರವರಿ 1ರ ರಾತ್ರಿ ನ್ಯೂಯಾರ್ಕಿನಿಂದ ಬೀಥೋವನ್ ಅವರ ಒಂಬತ್ತನೇ ಸಿಂಫೋನಿ ರೇಡಿಯೋದಲ್ಲಿ ಬರುತ್ತಿತ್ತು. ಹೆಲೆನ್ ಮನೆಯವರು ರೇಡಿಯೋದ ಮುಚ್ಚಳ ತೆಗೆದರು. ದನಿ ಬರುವಾಗ ಅದುರುವ ತೆಳು ಬಿಲ್ಲೆಯ ಮೇಲೆ ಹೆಲೆನ್ ಮೆಲ್ಲಗೆ ಬೆರಳಿಟ್ಟರು. ಡ್ರಮ್ಮಿನ ಗುಡುಗುಡು ತಿಳಿಯಿತು, ಪಿಟೀಲುಗಳ ಇಂಪು ತಿಳಿಯಿತು, ನೂರಾರು ಜನ ಒಟ್ಟಿಗೆ ಹಾಡಿದ್ದೂ ತಿಳಿಯಿತು! ಮಾರನೇ ದಿನವೇ ಆ ವಾದ್ಯಗಾರರಿಗೆ ಕಾಗದ ಬರೆದು ತಮ್ಮ ಸಂತೋಷ ತಿಳಿಸಿದರು. ಇದರಲ್ಲಿ ಇನ್ನೊಂದು ವಿಶೇಷ ಇದೆ. ಆ ಸಂಗೀತ 1824ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ನುಡಿದಾಗ ಬೀಥೋವನ್ ಅವರಿಗೂ ಕಿವಿ ಕೇಳಿಸುತ್ತಿರಲಿಲ್ಲ. ಜನರ ಚಪ್ಪಾಳೆ ತೋರಿಸಲು ಅವರನ್ನು ಹಿಡಿದು ತಿರುಗಿಸಬೇಕಾಯಿತು.

ಇದು ಹೇಗೆ ಸಾಧ್ಯ? ಶಬ್ದ ಅಂದರೆ ಅದುರುವಿಕೆ. ಸೆಕೆಂಡಿಗೆ 20ರಿಂದ 20,000 ಸಲ ಅದುರಿದರೆ ನಮ್ಮ ಕಿವಿಗೆ ಕೇಳಿಸುತ್ತದೆ. ಚರ್ಮಕ್ಕೆ ಸುಮಾರು 1,000ದವರೆಗೆ ಮಾತ್ರ ತಿಳಿಯುತ್ತದೆ. ಅದಕ್ಕೇ ಕೊಳಲಿನ ಸಣ್ಣ ದನಿ ಮೈಗೆ ತಾಕುವುದಿಲ್ಲ, ನಗಾರಿಯ ದಪ್ಪ ದನಿ ಎದೆಗೇ ಬಂದು ಬಡಿಯುತ್ತದೆ. ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದಲ್ಲಿ ಇರುವಂಥ ಆನೆಗಳು 20ಕ್ಕಿಂತ ಕಡಿಮೆ ಅದುರುವ ದನಿಯಲ್ಲೂ ಮಾತಾಡಿಕೊಳ್ಳುತ್ತವಂತೆ. 1984ರಲ್ಲಿ ಕೇಟಿ ಪೇನ್ ಎಂಬ ವಿಜ್ಞಾನಿ ಅಮೆರಿಕದ ಒಂದು ಮೃಗಾಲಯದಲ್ಲಿ ಆನೆಗಳ ಪಕ್ಕ ನಿಂತಿದ್ದಾಗ ಗಾಳಿಯೇ ಅದುರಿದ ಹಾಗಾಯಿತು. ಅದರಿಂದಲೇ ಈ ಗುಟ್ಟು ಗೊತ್ತಾದದ್ದು. ಅವರ ಮೈಗೆ ಮೊದಲು ತಿಳಿಯಿತು, ಕಿವಿಗಲ್ಲ.

ನಮ್ಮ ಚಿಕ್ಕವ್ವನ ಮಗಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸೋದಿಲ್ಲ. ಈಗ ಆರು ವರ್ಷ. ಕೊಂಡದ ಹಬ್ಬದಲ್ಲಿ ಅವಳು ನಗಾರಿ ಪಕ್ಕವೇ ನಿಂತು, ಹೊಟ್ಟೆ ಮೇಲೆ ಕೈ ಇಟ್ಟುಕೊಂಡು, ಏಟಿಗೆ ಸರಿಯಾಗಿ ಕಾಲು ಹಾಕುತ್ತಾಳೆ. ನೋಡಿದವರು ಕಿವುಡಿಗೇನು ತಿಳೀತದೆ ಅಂತ ನಗುತ್ತಾರೆ. ಸ್ಕೂಲಿಗೆ ಕಳಿಸಿ ಏನು ಪ್ರಯೋಜನ ಅಂತಲೂ ಮನೆಯಲ್ಲಿ ಮಾತು ನಡೆದಿದೆ. ಹೆಲೆನ್ ಕೆಲರ್ ಕತೆಯನ್ನು ನಾನು ಚಿಕ್ಕಪ್ಪನಿಗೆ ಓದಿ ಹೇಳಿದೆ. ಅವರು ಇನ್ನೂ ಏನೂ ತೀರ್ಮಾನ ಮಾಡಿಲ್ಲ. ಆದರೆ ಎರಡನೇ ಸಲ ಓದು ಅಂದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಅಲ್ಲಿ ಮಕ್ಕಳ ಕಿವಿ ಪರೀಕ್ಷೆ ಮಾಡುತ್ತಾರೆ ಅಂತ ನಮ್ಮ ಮೇಷ್ಟ್ರು ಹೇಳಿದ್ದನ್ನೂ ತಿಳಿಸಿದ್ದೇನೆ.

ಹೆಲೆನ್ ಕೆಲರ್ ಅವರು ದೇಶ ದೇಶ ಸುತ್ತಿ ಅಂಧರಿಗಾಗಿ ದುಡಿದರು. 1955ರಲ್ಲಿ, 74ನೇ ವಯಸ್ಸಿನಲ್ಲಿ, ಭಾರತಕ್ಕೂ ಬಂದು ಪ್ರಧಾನಿ ನೆಹರೂ ಅವರನ್ನು ಭೇಟಿಯಾದರು. 1968ರ ಜೂನ್ 1ರಂದು ತೀರಿಕೊಂಡರು.

ಗೆಳೆಯರೇ, ನೀವೂ ಒಂದು ಬಲೂನು ಊದಿ, ಎರಡೂ ಕೈಯಲ್ಲಿ ಹಿಡಿದು ರೇಡಿಯೋ ಮುಂದೆ ನಿಂತು ನೋಡಿ. ಹಾಡು ಬೆರಳಿಗೆ ಬರುತ್ತದೆ. ಇನ್ನು ಮೇಲೆ ಹಬ್ಬದಲ್ಲಿ ಕಿವಿ ಕೇಳದ ಮಕ್ಕಳು ಕಂಡರೆ ಹಿಂದಕ್ಕೆ ತಳ್ಳಬೇಡಿ. ನಗಾರಿ ಹತ್ತಿರ ಜಾಗ ಬಿಡಿ.

– ಏಳನೇ ತರಗತಿ