ನೈಲ್ ನದಿಯ ಲೆಕ್ಕ ಹೃದಯಕ್ಕೆ ಒದಗಿದ ಕಥೆ

ಹೃದಯ ಬಡಿತಗಳ ಏರಿಳಿತದಲ್ಲಿ ರೋಗದ ಸುಳಿವು ಹುಡುಕುವ ಫ್ರಾಕ್ಟಲ್ ಗಣಿತದ ಒಂದು ಬೇರು ಈಜಿಪ್ಟಿನ ನೈಲ್ ನದಿಯಲ್ಲಿದೆ. ಅದನ್ನು ಕಂಡುಕೊಟ್ಟವರು ಬ್ರಿಟಿಷ್ ಜಲವಿಜ್ಞಾನಿ ಹೆರಾಲ್ಡ್ ಎಡ್ವಿನ್ ಹರ್ಸ್ಟ್.

1880ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಬಳಿ ಜನಿಸಿದ ಹರ್ಸ್ಟ್ 15ನೇ ವಯಸ್ಸಿಗೇ ಶಾಲೆ ಬಿಟ್ಟರು. ಆದರೂ ರಾತ್ರಿ ಶಾಲೆಯಲ್ಲಿ ಓದಿ, ವಿದ್ಯಾರ್ಥಿವೇತನ ಗಳಿಸಿ, ಆಕ್ಸ್‌ಫರ್ಡ್‌ನಲ್ಲಿ ಭೌತಶಾಸ್ತ್ರ ಪದವಿ ಪಡೆದರು. 1906ರಲ್ಲಿ ಅಲ್ಪಾವಧಿಗೆಂದು ಈಜಿಪ್ಟಿಗೆ ತೆರಳಿದವರು ಬಾಳಿನ ಬಹುಭಾಗವನ್ನು ನೈಲ್ ನದಿಗೇ ಮುಡಿಪಾಗಿಟ್ಟರು.

ನೈಲ್ ಬತ್ತಿದರೆ ಈಜಿಪ್ಟಿನ ಜನರಿಗೆ ಅನ್ನವಿಲ್ಲ. ಬರದ ವರ್ಷಗಳನ್ನು ದಾಟಿಸಲು ಜಲಾಶಯ ಎಷ್ಟು ದೊಡ್ಡದಿರಬೇಕು ಎಂಬುದೇ ಅವರನ್ನು ಕಾಡಿದ ಪ್ರಶ್ನೆ. ನದಿಮಟ್ಟದ ಶತಮಾನಗಳ ದಾಖಲೆ, ಮಳೆಯ ಅಂಕಿಅಂಶ, ಮರಗಳ ವಾರ್ಷಿಕ ಉಂಗುರಗಳು ಎಲ್ಲವನ್ನೂ ಅವರು ಪರಿಶೀಲಿಸಿದರು. ನೆರೆಯ ವರ್ಷಗಳೂ ಬರದ ವರ್ಷಗಳೂ ಗುಂಪುಗುಂಪಾಗಿ ಬರುತ್ತಿದ್ದವು; ಪ್ರಕೃತಿಗೆ ದೀರ್ಘ ನೆನಪಿರುವಂತೆ ತೋರಿತು. ಈ ಗುಣವನ್ನು ಅಳೆಯುವ ಘಾತಾಂಕವನ್ನು 1951ರ ಪ್ರಬಂಧದಲ್ಲಿ ಮಂಡಿಸಿದರು. ನೆನಪಿಲ್ಲದ ಸರಣಿಗೆ ಅದು 0.5, ಅವರಿಗೆ ದೊರೆತ ಸರಾಸರಿ ಸುಮಾರು 0.73.

1960ರ ದಶಕದಲ್ಲಿ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಈ ಶೋಧವನ್ನು ಮುಂದುವರಿಸಿದರು. ಅದು ಫ್ರಾಕ್ಟಲ್ ಚಿಂತನೆಯ ಭಾಗವಾಯಿತು. ಹರ್ಸ್ಟ್ 1978ರಲ್ಲಿ ನಿಧನರಾದರು.

1990ರ ದಶಕದಲ್ಲಿ ಅಮೆರಿಕದ ಸಂಶೋಧಕರು ಇದೇ ಜಾಡಿನ ವಿಧಾನವನ್ನು ಹೃದಯಕ್ಕೆ ಅನ್ವಯಿಸಿದರು. ಆರೋಗ್ಯವಂತ ಹೃದಯ ಗಡಿಯಾರದಂತೆ ಏಕರೂಪವಾಗಿ ಬಡಿಯುವುದಿಲ್ಲ. ಅದರ ಏರಿಳಿತ ನಿಮಿಷಗಳಲ್ಲಿಯೂ ಗಂಟೆಗಳಲ್ಲಿಯೂ ಒಂದೇ ವಿನ್ಯಾಸ ತೋರುತ್ತದೆ. ಹೃದಯ ವೈಫಲ್ಯದಲ್ಲಿ ಈ ವಿನ್ಯಾಸ ಕೆಡುತ್ತದೆಂದು ಅವರು ತೋರಿಸಿದರು. ಈ ಲೆಕ್ಕವೊಂದೇ ರೋಗನಿರ್ಣಯಕ್ಕೆ ಸಾಲದು. ಆದರೆ ಅಪಾಯದ ಮುನ್ಸೂಚನೆ ನೀಡಬಲ್ಲದು. ನದಿಯ ಬರವನ್ನು ಎದುರಿಸಲು ಹೊರಟ ಹರ್ಸ್ಟ್ ಅವರ ದುಡಿಮೆ ಹೀಗೆ ಹೃದ್ರೋಗಿಗಳಿಗೂ ಒದಗಿತು.